ಮಳೆರಜೆಗೆ ಮೊದಲೇ ಪಾಠ ಮಕ್ಕಳ ಫೋನಿಗೆ: ಕೊಡಗಿನ ಶಿಕ್ಷಕರಿಗೆ ಆನ್‌ಲೈನ್ ಕೋರ್ಸ್ ಮಾಡುವ ಸಮಗ್ರ ಮಾರ್ಗದರ್ಶಿ

ಆನ್‌ಲೈನ್ ಕೋರ್ಸ್ ಮಾಡೋದು ಹೇಗೆ ಅಂತ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮಕ್ಕಳ ಮನೆಯಲ್ಲಿ ಕರೆಂಟ್ ಇದೆ, ನೆಟ್‌ವರ್ಕ್ ಇದೆ, ಪ್ರತಿ ಮಗುವಿಗೂ ಒಂದು ಫೋನ್ ಇದೆ ಅಂತಲೇ ಶುರುವಾಗುತ್ತವೆ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ತುಂಬಿ ರಸ್ತೆ ಮೇಲೆ ನೀರು ಬರುತ್ತದೆ, ಎಲ್ಲೋ ಮರ ಬಿದ್ದು ಲೈನ್ ಕಟ್ಟಾಗುತ್ತದೆ, ಟವರ್ ಸತ್ತುಹೋಗುತ್ತದೆ, ಜಿಲ್ಲಾಡಳಿತ ಶಾಲೆಗೆ ರಜೆ ಕೊಡುತ್ತದೆ. ಮನೆಯಲ್ಲಿ ಪಾಠ ಬೇಕಾಗುವುದು ಆ ದಿನಗಳಲ್ಲೇ, ನೆಟ್ ಇಲ್ಲದಿರುವುದೂ ಆ ದಿನಗಳಲ್ಲೇ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಎಲ್ಲವೂ ಒಂದೇ ಪ್ರಶ್ನೆಯ ಸುತ್ತ ಇದೆ: ಮಳೆ ಜೋರಾಗುವ ಮೊದಲು ಮಗುವಿನ ಕೈಗೆ ಏನು ಕೊಟ್ಟುಬಿಟ್ಟರೆ, ಸಿಗ್ನಲ್ ಇಲ್ಲದೆಯೂ ಅದು ಕಲಿಯುತ್ತದೆ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಂಪ್ಯೂಟರ್ ಓದಿದವಳಲ್ಲ, ಇಲ್ಲಿ ಹೇಳುವ ಸಾಧನಗಳನ್ನೆಲ್ಲ ಪಾಠ ಮಾಡುತ್ತಾ ಮಾಡುತ್ತಾ ಕಲಿತಿದ್ದು. ಉದಾಹರಣೆಗೆ ಹತ್ತನೇ ತರಗತಿಯ ಪರಾಗಸ್ಪರ್ಶದ ಭಾಗವನ್ನೇ ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ. ನಿಮ್ಮದು ಗಣಿತವೋ ಸಮಾಜವೋ ಆಗಿದ್ದರೂ ಕ್ರಮ ಇದೇ.

ಹೆಜ್ಜೆ 1: ಮಕ್ಕಳ ಮನೆಯ ಫೋನ್ ಬಗ್ಗೆ ತಿಳಿದುಕೊಳ್ಳಿ

ಇದಕ್ಕೆ ಗೂಗಲ್ ಫಾರ್ಮ್ ಬೇಡ. ಫಾರ್ಮ್ ಕಳಿಸಿದರೆ ನೆಟ್ ಇರುವ ಮಕ್ಕಳಷ್ಟೇ ಉತ್ತರ ಕೊಡುತ್ತಾರೆ, ನಮಗೆ ಬೇಕಾದದ್ದು ಉಳಿದವರ ಮಾಹಿತಿ. ತರಗತಿಯಲ್ಲೇ ಒಂದು ಹಾಳೆ ಕೊಟ್ಟು ಬರೆಸಿ. ಮನೆಯಲ್ಲಿರುವ ಫೋನ್ ಯಾರದ್ದು, ಎಷ್ಟು ಗಂಟೆಗೆ ನಿನ್ನ ಕೈಗೆ ಸಿಗುತ್ತದೆ, ಸ್ಟೋರೇಜ್ ಎಷ್ಟು ಖಾಲಿ ಇದೆ, ಸಿಗ್ನಲ್ ಮನೆಯೊಳಗೆ ಬರುತ್ತದಾ ಇಲ್ಲ ರಸ್ತೆವರೆಗೆ ಹೋಗಬೇಕಾ, ಮಳೆಯಲ್ಲಿ ಕರೆಂಟ್ ಹೋದರೆ ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಬರುತ್ತದೆ. ಇಷ್ಟು ಸಾಕು.

"ಮಿಸ್, ಫೋನ್ ಅಮ್ಮನ ಹತ್ರ ಇರ್ತದೆ, ಅಮ್ಮ ತೋಟದಿಂದ ಬರೋದು ಸಾಯಂಕಾಲ. ಆಮೇಲೆ ತಮ್ಮನಿಗೂ ಬೇಕು." ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆಯಲ್ಲಿ) ಇರುವ ಹುಡುಗಿಯೊಬ್ಬಳ ಈ ಉತ್ತರ ಇಡೀ ಕೋರ್ಸಿನ ಅಳತೆಯನ್ನು ಹೇಳಿಬಿಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಲೈವ್ ಕ್ಲಾಸ್ ಇಟ್ಟರೆ ಅವಳು ಬರುವುದಿಲ್ಲ. ಒಂದು ಪಾಠ ಇಪ್ಪತ್ತು ನಿಮಿಷಕ್ಕಿಂತ ಉದ್ದ ಇದ್ದರೆ ತಮ್ಮನ ಸರದಿ ಬಂದುಬಿಡುತ್ತದೆ. ಇಡೀ ಪಾಠ ಐವತ್ತು ಎಂಬಿ ದಾಟಿದರೆ ಅಮ್ಮ ಜಾಗ ಇಲ್ಲ ಅಂತ ಅಳಿಸಿಬಿಡಬಹುದು. ಇಂತಹ ಮಗುವಿಗೆ ಹೊಂದುವ ಕೋರ್ಸ್ ಎಲ್ಲ ಮಕ್ಕಳಿಗೂ ಹೊಂದುತ್ತದೆ, ತಿರುಗಿಸಿ ಹೇಳಿದರೆ ನಿಜವಲ್ಲ.

ಇನ್ನೊಂದು ವಿಷಯವನ್ನೂ ಅದೇ ಹಾಳೆಯಲ್ಲಿ ಕೇಳಿ, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಯರವ, ಒಂದೇ ತರಗತಿಯಲ್ಲಿ ಇಷ್ಟೂ ಇರಬಹುದು. ಎಷ್ಟೋ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ಸಿಗುವ ಭಾಷೆ. ಎದುರಿಗೆ ನಿಂತು ಪಾಠ ಮಾಡುವಾಗ ಮುಖ ನೋಡಿ ಅರ್ಥವಾಗಿಲ್ಲ ಅಂತ ತಿಳಿಯುತ್ತದೆ, ರೆಕಾರ್ಡ್ ಮಾಡಿದ ಪಾಠದಲ್ಲಿ ಅದಿಲ್ಲ. ಆದ್ದರಿಂದ ನಿಧಾನಕ್ಕೆ ಮಾತಾಡಬೇಕು, ಪಾರಿಭಾಷಿಕ ಪದವನ್ನು ಎರಡು ಸಲವಾದರೂ ಹೇಳಬೇಕು.

ಹೆಜ್ಜೆ 2: ಕೊನೆಯಿಂದ ಯೋಚನೆ ಮಾಡಿ

ಆ್ಯಪ್ ತೆರೆಯುವ ಮೊದಲು ಪೆನ್ನು, ಹಾಳೆ ತೆಗೆದುಕೊಳ್ಳಿ. ಪಾಠ ಮುಗಿದ ಮೇಲೆ ಮಗು ಏನು ಮಾಡಬಲ್ಲದು ಅಂತ ಮೊದಲು ಬರೆಯಿರಿ. ಅದು ಬಂದಿದೆ ಅಂತ ನನಗೆ ಹೇಗೆ ಗೊತ್ತಾಗುತ್ತದೆ ಅನ್ನೋದು ಎರಡನೆಯದು. ಹಾಗಾದರೆ ಏನೇನು ಕೊಡಬೇಕು ಅನ್ನೋದು ಆಮೇಲೆ. ನಮಗೆಲ್ಲ ಈ ಮೂರನೆಯದರಿಂದಲೇ ಶುರು ಮಾಡುವ ಅಭ್ಯಾಸ, ಅಲ್ವಾ? ಪಿಪಿಟಿ ಮಾಡಿ ಮುಗಿಸಿ ಆಮೇಲೆ ಪ್ರಶ್ನೆ ಹುಡುಕುತ್ತೇವೆ.

"ಪರಾಗಸ್ಪರ್ಶದ ಬಗ್ಗೆ ತಿಳಿಯುವುದು" ಅಂತ ಬರೆದರೆ ಮುಂದಕ್ಕೆ ದಾರಿ ಸಿಗುವುದಿಲ್ಲ. "ಒಂದು ಹೂವನ್ನು ಬಿಡಿಸಿ ಕೇಸರ, ಶಲಾಕಾಗ್ರ (ಪರಾಗ ಬಂದು ಕೂರುವ ತುದಿ), ಅಂಡಾಶಯ ಗುರುತಿಸುವುದು, ರೊಬಸ್ಟಾ ಕಾಫಿ ಗಿಡಕ್ಕೆ ಕಾಯಿ ಕಟ್ಟಲು ಇನ್ನೊಂದು ಗಿಡ ಯಾಕೆ ಬೇಕು ಅಂತ ವಿವರಿಸುವುದು" ಅಂತ ಬರೆದರೆ ಪಾಠ ಅರ್ಧ ಆದಂತೆ.

ಕಾಫಿಯನ್ನೇ ಹಿಡಿದುಕೊಳ್ಳಲು ಕಾರಣ ಇದೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ಸ್ವಕೀಯ ಮತ್ತು ಪರಕೀಯ ಪರಾಗಸ್ಪರ್ಶ ಎರಡೂ ಮನೆ ಹಿಂದಿನ ತೋಟದಲ್ಲೇ ಇವೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ನಮ್ಮ ಮಕ್ಕಳು ಪ್ರತಿ ವರ್ಷ ನೋಡುತ್ತಾರೆ. ಹೂ ಅರಳಿದ ದಿನವೇ ಮಳೆ ಸುರಿದರೆ ಅಪ್ಪ ಯಾಕೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ ಅಂತಲೂ ಗೊತ್ತು. ಪರಾಗ ತೊಳೆದುಹೋಗುತ್ತದೆ, ಜೇನುಹುಳ ಹಾರುವುದಿಲ್ಲ ಅನ್ನುವ ಕಾರಣವನ್ನು ಅದಕ್ಕೆ ಜೋಡಿಸಿಕೊಡುವುದೇ ನಮ್ಮ ಕೆಲಸ.

ಆಮೇಲೆ ಪಾಠವನ್ನು ಸಣ್ಣ ತುಂಡು ಮಾಡಿ. ಒಂದು ತುಂಡಿನಲ್ಲಿ ಐದು ನಿಮಿಷದ ಮಾತು, ಒಂದು ಪುಟದ ಟಿಪ್ಪಣಿ, ಕೈಯಿಂದ ಮಾಡುವ ಒಂದು ಕೆಲಸ, ನಾಲ್ಕೈದು ಪ್ರಶ್ನೆ. ಕೇಂದ್ರ ಸರ್ಕಾರದ "ಸ್ವಯಂ" ಅನ್ನುವ ಆನ್‌ಲೈನ್ ಕೋರ್ಸ್‌ಗಳು 2017ರಿಂದ ನಡೆಯುತ್ತಿವೆ, ಅಲ್ಲೂ ವಿಡಿಯೊ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚೆ ಅಂತ ನಾಲ್ಕು ಭಾಗ ಇರುತ್ತದೆ. ನಾನು ಚರ್ಚೆಯನ್ನು ಶಾಲೆ ತೆರೆದ ಮೇಲೆ ಇಟ್ಟುಕೊಂಡು, ಅದರ ಜಾಗಕ್ಕೆ ಕೈಕೆಲಸ ಹಾಕುತ್ತೇನೆ. ಜುಲೈಯಲ್ಲಿ ಕಾಫಿ ಹೂ ಸಿಗುವುದಿಲ್ಲ, ಭಾಗ ಗುರುತಿಸಲು ಅಂಗಳದ ದಾಸವಾಳ ಸಾಕು.

ಹೆಜ್ಜೆ 3: ಅಕ್ಷರ ಯೂನಿಕೋಡ್‌ನಲ್ಲಿರಲಿ

ನಮ್ಮ ಹಳೆಯ ಪ್ರಶ್ನೆಪತ್ರಿಕೆ, ಟಿಪ್ಪಣಿಗಳೆಲ್ಲ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿವೆ. ಅವನ್ನು ಹಾಗೇ ವರ್ಡ್ ಫೈಲಿನಲ್ಲಿ ಕಳಿಸಿದರೆ ಮಕ್ಕಳ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಈ ಹಳೆಯ ಪದ್ಧತಿಯಿಂದ (ಆಸ್ಕಿ) ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಹಾಕಿ ಬದಲಿಸಿ, ಆಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಇದೆಯಾ ಅಂತ ಒಂದು ಸಲ ಕಣ್ಣಾಡಿಸಿ. ಹೊಸದಾಗಿ ಬರೆಯುವುದಾದರೆ ಫೋನಿನಲ್ಲಿ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್ ಹಾಕಿಕೊಂಡು ಮಾತಾಡಿಯೇ ಬರೆಸಬಹುದು, ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್‌ನಲ್ಲೂ ಕನ್ನಡ ಇದೆ. ಟೈಪಿಂಗ್ ಬರದು ಅನ್ನುವ ಹಿರಿಯ ಶಿಕ್ಷಕರಿಗೆ ನಾನು ಮೊದಲು ತೋರಿಸಿಕೊಡುವುದು ಇದನ್ನೇ.

ಕೆಲವು ವಿಡಿಯೊ ಎಡಿಟರ್‌ಗಳಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದುಹೋಗುತ್ತದೆ. ಹಾಗಾದರೆ ಎಡಿಟರ್ ಜೊತೆ ಗುದ್ದಾಡಬೇಡಿ. ಅಕ್ಷರವನ್ನು ಸ್ಲೈಡ್‌ನಲ್ಲಿ ಬರೆದು ಚಿತ್ರವಾಗಿ ಉಳಿಸಿ ಒಳಗೆ ಹಾಕಿ.

ಹೆಜ್ಜೆ 4: ಚಿತ್ರ ಮತ್ತು ಟಿಪ್ಪಣಿ

ಫೋನಿನಲ್ಲಿ ತೆಗೆದ ಒಂದು ಫೋಟೊ ಮೂರ್ನಾಲ್ಕು ಎಂಬಿ ಇರುತ್ತದೆ. ಅಗಲ 1280 ಪಿಕ್ಸೆಲ್‌ಗೆ ಇಳಿಸಿದರೆ ಕೆಲವು ನೂರು ಕೆಬಿಗೆ ಬರುತ್ತದೆ, ಫೋನ್ ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇಳಿಸಿದ ಮೇಲೆಯೇ ಪಿಡಿಎಫ್‌ಗೆ ಹಾಕಿ. ಅಕ್ಷರ ದೊಡ್ಡದಿರಲಿ, ಒಂದು ಪುಟದಲ್ಲಿ ಒಂದೇ ವಿಚಾರ ಇರಲಿ, ಪುಟವನ್ನು ಎ4 ಅಂತ ಯೋಚಿಸದೆ ಫೋನಿನ ಉದ್ದಕ್ಕೆ ಹೊಂದಿಸಿ, ಆಗ ಮಗು ಹಿಗ್ಗಿಸಿ ಹಿಗ್ಗಿಸಿ ಓದುವುದು ತಪ್ಪುತ್ತದೆ.

ಸಾಧ್ಯವಾದಷ್ಟು ಚಿತ್ರ ನೀವೇ ತೆಗೆಯಿರಿ. ಮಾರ್ಚ್ ಏಪ್ರಿಲ್‌ನಲ್ಲಿ ತೋಟ ಹೂ ಬಿಟ್ಟಾಗ ತೆಗೆದಿಟ್ಟ ಚಿತ್ರ ಜುಲೈಯ ಪಾಠಕ್ಕೆ ಬರುತ್ತದೆ. ಹೂ ನಿಲ್ಲುವುದು ಎರಡು ಮೂರು ದಿನ ಮಾತ್ರ, ಬೆಳಿಗ್ಗೆಯೇ ಹೋಗಿ. ಹತ್ತಿರದಿಂದ ಒಂದು, ಇಡೀ ರೆಕ್ಕೆಯದ್ದು (ಗಿಡದ ಅಡ್ಡ ಕೊಂಬೆಯದ್ದು) ಒಂದು, ಜೇನುಹುಳ ಕೂತಿದ್ದು ಸಿಕ್ಕಿದರೆ ಅದೊಂದು. ಬೇರೆಯವರ ಚಿತ್ರ ಬೇಕಾದರೆ ವಿಕಿಮೀಡಿಯ ಕಾಮನ್ಸ್ ನೋಡಿ, ಪ್ರತಿ ಚಿತ್ರದ ಕೆಳಗೆ ಯಾವ ಪರವಾನಗಿ ಅಂತ ಬರೆದಿರುತ್ತದೆ, ಹೆಸರು ಹಾಕಿ ಬಳಸಿ. ಮಕ್ಕಳ ಮುಖ ಇರುವ ಫೋಟೊ ಪೋಷಕರನ್ನು ಕೇಳದೆ ಎಲ್ಲೂ ಹಾಕಬೇಡಿ.

ಹೆಜ್ಜೆ 5: ನಿಮ್ಮ ದನಿ

ನನ್ನ ಅಭಿಪ್ರಾಯದಲ್ಲಿ ಕೊಡಗಿನ ಮಳೆಗಾಲಕ್ಕೆ ಅತಿ ಉಪಯುಕ್ತ ಸಾಧನ ವಿಡಿಯೊ ಅಲ್ಲ, ಆಡಿಯೊ. ಲೆಕ್ಕ ನೋಡಿ. ಸೆಕೆಂಡಿಗೆ 500 ಕಿಲೋಬಿಟ್‌ನಂತೆ 5 ನಿಮಿಷದ ವಿಡಿಯೊ ಸುಮಾರು 19 ಎಂಬಿ. ಅದೇ 5 ನಿಮಿಷದ ಮಾತು 32 ಕಿಲೋಬಿಟ್‌ನ ಮೊನೊ (ಒಂದೇ ಚಾನೆಲ್‌ನ) ಎಂಪಿ3 ಆದರೆ 1.2 ಎಂಬಿ. ಟಿಪ್ಪಣಿಯ ಪುಟವನ್ನು ಎದುರಿಗಿಟ್ಟುಕೊಂಡು ಟೀಚರ್ ದನಿ ಕೇಳುವುದು ಮಕ್ಕಳಿಗೆ ತರಗತಿಯಲ್ಲಿ ಕೂತಷ್ಟೇ ಹತ್ತಿರ. ಫೋನ್ ಬ್ಯಾಟರಿಯೂ ಉಳಿಯುತ್ತದೆ.

ರೆಕಾರ್ಡ್ ಮಾಡಲು ಫೋನಿನ ರೆಕಾರ್ಡರ್, ವೈರ್ ಇರುವ ಇಯರ್‌ಫೋನಿನ ಮೈಕ್ ಸಾಕು. ಮೈಕ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರಲಿ, ಇಲ್ಲದಿದ್ದರೆ "ಪ", "ಫ" ಬಂದಾಗೆಲ್ಲ ಗಾಳಿ ಬಡಿಯುತ್ತದೆ. ಗೋಡೆ ಖಾಲಿ ಇರುವ ಕೋಣೆ ಬೇಡ, ದನಿ ಪ್ರತಿಧ್ವನಿಸುತ್ತದೆ. ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಎದುರು, ಇಲ್ಲವೇ ಹಾಸಿಗೆ ಇರುವ ಕೋಣೆಯಲ್ಲಿ ಕೂತರೆ ಎಷ್ಟೋ ವಾಸಿ.

ಶೀಟಿನ ಮಾಡಿನ ಮೇಲೆ ಮಳೆ ಬೀಳುವ ಹೊತ್ತಿಗೆ ರೆಕಾರ್ಡ್ ಮಾಡುವ ಯೋಚನೆಯೇ ಬೇಡ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಸದ್ದು ತೆಗೆಯುವ ವ್ಯವಸ್ಥೆ ಇದೆ. ಮಾತಿಲ್ಲದ ಎರಡು ಮೂರು ಸೆಕೆಂಡ್ ಆರಿಸಿ, ನಾಯ್ಸ್ ರಿಡಕ್ಷನ್‌ಗೆ ಹೋಗಿ ಅದನ್ನು ಸದ್ದಿನ ಮಾದರಿ ಅಂತ ತೋರಿಸಿ, ಆಮೇಲೆ ಇಡೀ ರೆಕಾರ್ಡಿಂಗ್ ಆರಿಸಿ ಮತ್ತೆ ಅದನ್ನೇ ಒತ್ತಬೇಕು. ಫ್ಯಾನಿನ ಸದ್ದಿನಂತಹ ಒಂದೇ ಸಮ ಇರುವ ಸದ್ದು ಇದರಿಂದ ಹೋಗುತ್ತದೆ. ಮಳೆ ಏರುತ್ತಾ ಇಳಿಯುತ್ತಾ ಇರುವುದರಿಂದ ಅದು ಪೂರ್ತಿ ಹೋಗುವುದಿಲ್ಲ, ಜಾಸ್ತಿ ಎಳೆದರೆ ನಿಮ್ಮ ದನಿಯೇ ಡಬ್ಬದೊಳಗಿಂದ ಬಂದಂತೆ ಆಗುತ್ತದೆ. ಮೇ ತಿಂಗಳಲ್ಲೇ ರೆಕಾರ್ಡಿಂಗ್ ಮುಗಿಸಿಕೊಳ್ಳಿ. ಎಕ್ಸ್‌ಪೋರ್ಟ್ ಮಾಡುವಾಗ ಮೊನೊ ಆರಿಸುವುದನ್ನು ಮರೆಯಬೇಡಿ.

ಬರೆದಿಟ್ಟದ್ದನ್ನು ಓದಬೇಡಿ. ನಾಲ್ಕು ಅಂಶ ಚೀಟಿಯಲ್ಲಿ ಬರೆದುಕೊಂಡು ಒಂದು ಮಗು ಎದುರಿಗಿದೆ ಅಂತ ಮಾತಾಡಿ. "ಈಗ ಎರಡನೇ ಪುಟ ನೋಡು, ಮೇಲೆ ಎಡಗಡೆ ಒಂದು ಹೂವಿದೆ" ಅಂತ ಕೈ ಹಿಡಿದು ಕರೆದುಕೊಂಡು ಹೋಗಬೇಕು. "ಇಲ್ಲಿ ನಿಲ್ಲಿಸಿ ದಾಸವಾಳ ಕಿತ್ತು ತಾ" ಅಂತಲೂ ಹೇಳಿ, ಮಕ್ಕಳು ನಿಜವಾಗಿಯೂ ನಿಲ್ಲಿಸಿ ಹೋಗುತ್ತಾರೆ.

ಹೆಜ್ಜೆ 6: ಬೇಕೇ ಬೇಕಾದ ಕಡೆ ಮಾತ್ರ ವಿಡಿಯೊ

ಚಲನೆ ತೋರಿಸಬೇಕಾದಾಗ ವಿಡಿಯೊ ಬೇಕು. ಪರಾಗನಳಿಕೆ ಬೆಳೆದು ಅಂಡಾಶಯದವರೆಗೆ ಇಳಿಯುವುದನ್ನು ನಿಂತ ಚಿತ್ರದಲ್ಲಿ ತೋರಿಸುವುದು ಕಷ್ಟ. ಆರು ನಿಮಿಷ ದಾಟಿಸಬೇಡಿ. ಆನ್‌ಲೈನ್ ಕೋರ್ಸ್ ತಾಣವಾದ ಎಡ್‌ಎಕ್ಸ್‌ನ ನಾಲ್ಕು ಕೋರ್ಸ್‌ಗಳಲ್ಲಿ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಗಮನಿಸಿದ 2014ರ ಅಧ್ಯಯನದಲ್ಲೂ, ವಿಡಿಯೊ ಎಷ್ಟೇ ಉದ್ದ ಇದ್ದರೂ ಸಾಮಾನ್ಯವಾಗಿ ಜನ ನೋಡಿದ್ದು ಹೆಚ್ಚೆಂದರೆ ಆರು ನಿಮಿಷ ಅಂತ ಕಂಡಿತ್ತು. ಅವರು ದೊಡ್ಡವರು, ನಮ್ಮವರು ಮಕ್ಕಳು.

ಕಂಪ್ಯೂಟರ್ ಪರದೆ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ ಉಚಿತ. ತೆರೆದ ಕೂಡಲೇ ಗಾಬರಿಯಾಗುವಷ್ಟು ಗುಂಡಿ ಕಾಣುತ್ತವೆ, ನಮಗೆ ಬೇಕಾದದ್ದು ಕಡಿಮೆ. ಸೋರ್ಸಸ್‌ನಲ್ಲಿ ಪ್ಲಸ್ ಒತ್ತಿ ಡಿಸ್‌ಪ್ಲೇ ಕ್ಯಾಪ್ಚರ್ ಸೇರಿಸಿ, ಮಾತಾಡುವಾಗ ಮೈಕ್‌ನ ಪಟ್ಟಿ ಕುಣಿಯುತ್ತದಾ ನೋಡಿ, ಸ್ಟಾರ್ಟ್ ರೆಕಾರ್ಡಿಂಗ್ ಒತ್ತಿ. ಅದಕ್ಕೂ ಮೊದಲು ಸೆಟ್ಟಿಂಗ್ಸ್‌ನಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟ್ ಅನ್ನು ಎಂಕೆವಿ ಮಾಡಿಕೊಳ್ಳಿ. ರೆಕಾರ್ಡ್ ಆಗುತ್ತಿರುವಾಗ ಕರೆಂಟ್ ಹೋದರೆ ಸಾಧಾರಣ ಎಂಪಿ4 ಫೈಲ್ ಪೂರ್ತಿ ಹಾಳಾಗುತ್ತದೆ, ಎಂಕೆವಿ ಆದರೆ ಅಲ್ಲಿಯವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನ ರೀಮಕ್ಸ್‌ನಲ್ಲಿ ಎಂಪಿ4 ಮಾಡಿಕೊಳ್ಳಬಹುದು. ನಮ್ಮ ಊರಿನಲ್ಲಿ ಇದೊಂದು ಸೆಟ್ಟಿಂಗ್ ಎಷ್ಟೋ ಸಂಜೆಗಳ ಶ್ರಮ ಉಳಿಸುತ್ತದೆ.

ಕಳಿಸುವ ಮೊದಲು ವಿಡಿಯೊ ಕಿರಿದಾಗಿಸುವ ಸಾಫ್ಟ್‌ವೇರ್ ಆದ ಹ್ಯಾಂಡ್‌ಬ್ರೇಕ್‌ಗೆ ಹಾಕಿ 480ಪಿಗೆ ಇಳಿಸಿ. ಸ್ಲೈಡ್ ಮೇಲೆ ಬರೆದದ್ದನ್ನೇ ಓದುವ ವಿಡಿಯೊ ಆದರೆ ಅದು ವಿಡಿಯೊ ಆಗುವ ಅಗತ್ಯವೇ ಇಲ್ಲ, ಹೆಜ್ಜೆ 5ಕ್ಕೆ ಹೋಗಿ.

ಎಲ್ಲವನ್ನೂ ನೀವೇ ಮಾಡಬೇಕಾಗಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ತಾಣದಲ್ಲಿ ಸಾಮಗ್ರಿ ಸಿಗುತ್ತದೆ, ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಭೌತಶಾಸ್ತ್ರ, ಗಣಿತದವರು ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನು ನೋಡಿ. ಕನ್ನಡಕ್ಕೆ ಬಂದಿರುವವೂ ಇವೆ, ಇಳಿಸಿಕೊಂಡರೆ ನೆಟ್ ಇಲ್ಲದೆ ನಡೆಯುತ್ತವೆ.

ಹೆಜ್ಜೆ 7: ಪ್ರಶ್ನೆಗಳು, ಅಂದರೆ ಕೋರ್ಸಿನ ಜೀವ

ಇಲ್ಲಿ ಸಮಯ ಹಾಕಿ. ವಿಡಿಯೊಗೆ ಹಾಕುವ ಸಮಯದಲ್ಲಿ ಅರ್ಧ ತೆಗೆದು ಇಲ್ಲಿಗೆ ಹಾಕಿದರೂ ಸರಿ.

ಒಳ್ಳೆಯ ಬಹು ಆಯ್ಕೆ ಪ್ರಶ್ನೆಯಲ್ಲಿ ತಪ್ಪು ಉತ್ತರಗಳೇ ಮುಖ್ಯ. ಪ್ರತಿ ತಪ್ಪು ಉತ್ತರವೂ ಮಕ್ಕಳು ನಿಜವಾಗಿ ಮಾಡಿಕೊಳ್ಳುವ ಒಂದು ತಪ್ಪು ಕಲ್ಪನೆಯಾಗಿರಬೇಕು. ಉದಾಹರಣೆಗೆ: "ಒಂದು ರೊಬಸ್ಟಾ ಗಿಡಕ್ಕೆ ಹೂ ಅರಳುವ ಮೊದಲೇ ದಟ್ಟ ಬಟ್ಟೆ ಮುಚ್ಚಿ, ಬೇರೆ ಗಿಡದ ಪರಾಗ ಸೇರದಂತೆ ಮಾಡಿದರೆ ಏನಾಗುತ್ತದೆ?" ಹೂವೇ ಅರಳುವುದಿಲ್ಲ ಅಂದ ಮಗು ಹೂ ಅರಳುವುದಕ್ಕೂ ಪರಾಗಸ್ಪರ್ಶಕ್ಕೂ ಗೊಂದಲ ಮಾಡಿಕೊಂಡಿದೆ. ಎಂದಿನಂತೆ ಕಾಯಿ ಕಟ್ಟುತ್ತದೆ ಅಂದದ್ದು ರೊಬಸ್ಟಾವನ್ನು ಅರೇಬಿಕಾ ಅಂದುಕೊಂಡಿದೆ. ಪರಾಗ ಶಲಾಕಾಗ್ರಕ್ಕೆ ತಾಗಿದ ಕೂಡಲೇ ಕಾಯಿ ಆಗಿಬಿಡುತ್ತದೆ ಅಂದ ಮಗುವಿಗೆ ಪರಾಗಸ್ಪರ್ಶ ಬೇರೆ, ನಿಶೇಚನ (ಗಂಡು, ಹೆಣ್ಣು ಲಿಂಗಾಣುಗಳು ಕೂಡುವುದು) ಬೇರೆ ಅನ್ನೋದು ಇನ್ನೂ ಬಂದಿಲ್ಲ. ಹೂ ಅರಳುತ್ತದೆ, ಕಾಯಿ ಕಟ್ಟುವುದಿಲ್ಲ ಅನ್ನೋದು ಸರಿ. ಈಗ ಉತ್ತರ ನೋಡಿದರೆ ಯಾರಿಗೆ ಏನು ಹೇಳಬೇಕು ಅಂತ ನಿಮಗೆ ಗೊತ್ತು. ಮಾರ್ಕ್ಸ್ ಮಾತ್ರ ನೋಡಿದ್ದರೆ ಗೊತ್ತಾಗುತ್ತಿರಲಿಲ್ಲ.

ನೆಟ್ ಇರುವವರಿಗೆ ಗೂಗಲ್ ಫಾರ್ಮ್ಸ್. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆನ್ ಮಾಡಿ, ಪ್ರಶ್ನೆಯ ಮೂರು ಚುಕ್ಕೆ ಒತ್ತಿದರೆ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಆಯ್ಕೆ ಇದೆ. ತಪ್ಪು ಉತ್ತರ ಕೊಟ್ಟ ಮಗು ಒಂದು ಸಣ್ಣ ವಿವರಣೆ ಇರುವ ವಿಭಾಗಕ್ಕೆ ಹೋಗಿ, ಅಲ್ಲಿ ಅದೇ ರೀತಿಯ ಇನ್ನೊಂದು ಪ್ರಶ್ನೆ ನೋಡಿ ಮುಂದೆ ಬರುತ್ತದೆ. ಮಾಡಲು ಸ್ವಲ್ಪ ಕಿರಿಕಿರಿ, ಕಾಗದದ ಮೇಲೆ ನಕ್ಷೆ ಹಾಕಿಕೊಂಡು ಕೂರಿ.

ನೆಟ್ ಇಲ್ಲದವರಿಗೆ ಲೂಮಿ ಅನ್ನುವ ಉಚಿತ ಸಾಫ್ಟ್‌ವೇರ್. ಇದರಲ್ಲಿ ಎಚ್5ಪಿ ಮಾದರಿಯ ಆಟದಂತಹ ಪ್ರಶ್ನೆ ಮಾಡಬಹುದು, ಹೂವಿನ ಚಿತ್ರದ ಮೇಲೆ ಭಾಗಗಳ ಹೆಸರನ್ನು ಎಳೆದು ಕೂರಿಸುವುದು, ಖಾಲಿ ಜಾಗ ತುಂಬುವುದು ಹೀಗೆ. ಮಾಡಿದ್ದನ್ನು ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಉಳಿಸಿ ಕೊಟ್ಟರೆ ಫೋನಿನ ಕ್ರೋಮ್‌ನಲ್ಲಿ ತೆರೆದುಕೊಳ್ಳುತ್ತದೆ. ಫಲಿತಾಂಶ ನಿಮಗೆ ಬರುವುದಿಲ್ಲ, ಮಗು ನೋಟ್‌ಬುಕ್‌ನಲ್ಲಿ ಬರೆದು ತರಬೇಕು. ಅದರಲ್ಲಿ ತೊಂದರೆ ಏನೂ ಇಲ್ಲ.

ಹೆಜ್ಜೆ 8: ಎಲ್ಲಿ ಇಡೋದು

ಒಬ್ಬರೇ ಶಿಕ್ಷಕರು ನಡೆಸುವುದಾದರೆ ಗೂಗಲ್ ಕ್ಲಾಸ್‌ರೂಮ್ ಸಾಕು. ಕಾಲೇಜಿನವರಿಗೆ, ಸರ್ವರ್ ನೋಡಿಕೊಳ್ಳುವವರು ಒಬ್ಬರು ಇದ್ದರೆ, ಮೂಡಲ್ ಒಳ್ಳೆಯದು. 2002ರಿಂದ ಇರುವ ಕೋರ್ಸ್ ನಡೆಸುವ ಮುಕ್ತ ತಂತ್ರಾಂಶ ಅದು. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠ ಇಳಿಸಿಕೊಳ್ಳಬಹುದು, ಶಿಕ್ಷಕರು ಕ್ವಿಜ್‌ನ ಸೆಟ್ಟಿಂಗ್‌ನಲ್ಲಿ ಅನುಮತಿ ಕೊಟ್ಟರೆ ನೆಟ್ ಇಲ್ಲದೆ ಉತ್ತರಿಸಿ ಸಿಗ್ನಲ್ ಬಂದಾಗ ಕಳಿಸಲೂಬಹುದು. ವಾಟ್ಸ್‌ಆ್ಯಪ್ ಗುಂಪು ಸುದ್ದಿ ಹೇಳಲು ಮಾತ್ರ, ಪಾಠ ಇಡುವ ಜಾಗ ಅಲ್ಲ. ಗುಡ್ ಮಾರ್ನಿಂಗ್‌ಗಳ ಕೆಳಗೆ ಪಾಠ ಎಲ್ಲಿ ಹೋಯಿತು ಅಂತ ಯಾರಿಗೂ ಸಿಗುವುದಿಲ್ಲ.

ಹೆಜ್ಜೆ 9: ಒಂದು ಮಗುವಿನ ಪಕ್ಕ ಕೂತು ನೋಡಿ

ಇಡೀ ತರಗತಿಗೆ ಕೊಡುವ ಮೊದಲು ಒಂದು ಮಗುವಿಗೆ ಕೊಡಿ, ಚುರುಕಿನ ಮಗುವಿಗಲ್ಲ, ಮಧ್ಯಮದವರಿಗೆ. ಹಳೆಯ ಫೋನ್ ಬಳಸಿ, ನೆಟ್ ಆಫ್ ಮಾಡಿ. ಬಾಯಿ ಮುಚ್ಚಿ ಪಕ್ಕದಲ್ಲಿ ಕೂರಿ. ಬೆರಳು ಎಲ್ಲಿ ನಿಲ್ಲುತ್ತದೆ, ಯಾವ ಪುಟವನ್ನು ಹಿಂದೆ ತಿರುಗಿಸುತ್ತದೆ, ಎಲ್ಲಿ ನಿಮ್ಮ ಮುಖ ನೋಡುತ್ತದೆ, ಅದನ್ನೆಲ್ಲ ಬರೆದುಕೊಳ್ಳಿ. ಎಚ್‌ಟಿಎಂಎಲ್ ಫೈಲ್ ತೆರೆಯುವುದು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ, ಫೈಲ್ ಮ್ಯಾನೇಜರ್‌ಗೆ ಹೋಗಿ ಕ್ರೋಮ್ ಆರಿಸುವುದನ್ನು ಶಾಲೆಯಲ್ಲೇ ಒಂದು ಸಲ ಮಾಡಿಸಬೇಕು.

ಹೆಜ್ಜೆ 10: ಮಳೆಗೆ ಮೊದಲು ಹಂಚಿ

ಫೈಲ್ ಹೆಸರಿನ ಮುಂದೆ ಸಂಖ್ಯೆ ಹಾಕಿ, 01, 02 ಹೀಗೆ, ಫೋನಿನಲ್ಲಿ ಅದೇ ಕ್ರಮದಲ್ಲಿ ಕೂರುತ್ತವೆ. ಜೂನ್ ಮೊದಲ ವಾರ ಶಾಲೆ ತೆರೆದ ಕೂಡಲೇ ಪೋಷಕರ ಸಭೆ ಕರೆಯಿರಿ, ಫೋನ್ ಆ ದಿನ ಅವರ ಕೈಯಲ್ಲೇ ಇರುತ್ತದೆ. ಕ್ವಿಕ್ ಶೇರ್‌ನಲ್ಲಿ ಒಂದು ಫೋನಿನಿಂದ ಇನ್ನೊಂದಕ್ಕೆ ಡೇಟಾ ಖರ್ಚಾಗದೆ ಹೋಗುತ್ತದೆ. ನೀವು ಮೂರು ನಾಲ್ಕು ಜನಕ್ಕೆ ಕೊಟ್ಟರೆ ಅವರು ಪಕ್ಕದವರಿಗೆ ಕೊಡುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಟಿಪ್ಪಣಿ ಮತ್ತು ಪ್ರಶ್ನೆಗಳನ್ನು ಪ್ರಿಂಟ್ ತೆಗೆದು ಕೊಡಿ, ಇದನ್ನು ಎಂದೂ ಬಿಡಬೇಡಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಒಂದು ಶಾಲೆಯ ಕಂಪ್ಯೂಟರ್‌ನಲ್ಲಿ, ಒಂದು ಡ್ರೈವ್‌ನಲ್ಲಿ ಇರಲಿ.

ಗಡುವನ್ನು ತಾರೀಖಿನಲ್ಲಿ ಹೇಳಬೇಡಿ. "ಶಾಲೆ ತೆರೆದ ಎರಡನೇ ದಿನ ನೋಟ್‌ಬುಕ್ ತನ್ನಿ" ಅಂದರೆ ಸಾಕು, ಮಡಿಕೇರಿಯಲ್ಲಿ ರಜೆ ಇದ್ದು ಕುಶಾಲನಗರದಲ್ಲಿ ಇಲ್ಲದಿದ್ದರೂ ನಡೆಯುತ್ತದೆ.

ಹೊಸ ಸಾಧನ ಕಲಿಯುವ ಬಗ್ಗೆ

ಇಷ್ಟೆಲ್ಲ ಹೆಸರು ಓದಿ ತಲೆ ಬಿಸಿಯಾಗಿದ್ದರೆ, ಈ ಸಲ ಒಂದನ್ನು ಮಾತ್ರ ಆರಿಸಿ. ನನ್ನನ್ನು ಕೇಳಿದರೆ ಆಡಿಯೊ. ಗಂಟೆಗಟ್ಟಲೆ ಟ್ಯುಟೋರಿಯಲ್ ನೋಡುತ್ತಾ ಕೂರುವುದರಿಂದ ಕೈಗೆ ಬರುವುದಿಲ್ಲ. ಮುಂದಿನ ವಾರದ ತರಗತಿಗೆ ಬೇಕಾದ ಒಂದು ಸಣ್ಣ ವಸ್ತುವನ್ನು ಆ ಸಾಧನದಲ್ಲೇ ಮಾಡಿ ಮುಗಿಸಿ. ಒತ್ತಿದ ಗುಂಡಿಗಳನ್ನು ಕ್ರಮವಾಗಿ ಒಂದು ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡಿ, ಆರು ತಿಂಗಳ ಮೇಲೆ ಮತ್ತೆ ಬೇಕಾದಾಗ ಅದೇ ನಿಮ್ಮ ಗುರು. ಸ್ಟಾಫ್‌ರೂಮಿನಲ್ಲಿ ಇನ್ನೊಬ್ಬರನ್ನು ಜೊತೆಗೆ ಹಾಕಿಕೊಳ್ಳಿ. ನೀವು ವಿಜ್ಞಾನದ್ದು ಮಾಡಿ, ಅವರು ಗಣಿತದ್ದು ಮಾಡಲಿ, ಒಬ್ಬರದ್ದನ್ನು ಒಬ್ಬರು ಕೇಳಿ ಹೇಳಿ.

ಮುಗಿದ ಕೋರ್ಸನ್ನು ಬೇರೆ ಶಾಲೆಯವರಿಗೂ ಕೊಡಿ. ಮೊದಲ ಪುಟದಲ್ಲಿ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ ಅಂತ ಬರೆದರೆ, ನಿಮ್ಮ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ತಿದ್ದಿ ಬಳಸಬಹುದು, ಅವರೂ ಹಾಗೇ ಹಂಚಬೇಕು. ತಿದ್ದಲು ಆಗುವ ಮೂಲ ಫೈಲನ್ನೂ ಜೊತೆಗೇ ಕೊಡಿ, ಪಿಡಿಎಫ್ ಮಾತ್ರ ಕೊಟ್ಟರೆ ಶನಿವಾರಸಂತೆಯ ಶಿಕ್ಷಕರು ನಿಮ್ಮ ಉದಾಹರಣೆ ತೆಗೆದು ತಮ್ಮ ಊರಿನದ್ದು ಹಾಕಲು ಆಗುವುದಿಲ್ಲ.